ಆನೆಯಿಂದ ಅಂಬಾರಿಗೆ

ನಮ್ಮ ಮನೆಗೆ ಬಂದವರು ತಾರೀಖು ನೋಡಲೆಂದು ಗೋಡೆಯ ಕ್ಯಾಲೆಂಡರಿಗೆ ಕೈ ಹಾಕಿದರೆ ನನ್ನ ಜೀವ ಹಾರಿಹೋಗುತ್ತದೆ. ಅದರಲ್ಲಿ ಸೂಜಿ ಇರುತ್ತದೆ. ಹೊಲಿಯುವುದನ್ನು ಬಿಟ್ಟು ಏಳುವಾಗ ಸೂಜಿಯನ್ನು ಆ ದಿನದ ತಾರೀಖಿಗೆ ಚುಚ್ಚಿಡುವುದು ನಮ್ಮ ಅವ್ವನ ರೂಢಿ. ಅವ್ವನ ಒಳ್ಳೆಯ ಗುಣಗಳಲ್ಲಿ ಒಂದೂ ನನಗೆ ಬರಲಿಲ್ಲ, ಇದೊಂದು ಮಾತ್ರ ಬಂತು. ಇದರಿಂದ ಎರಡು ಅನುಕೂಲ. ಸೂಜಿಗಾಗಿ ಮನೆಯೆಲ್ಲ ಹುಡುಕಬೇಕಾಗಿಲ್ಲ, ಕೊನೆಯ ಸಲ ಯಾವತ್ತು ಹೊಲಿಯಲು ಕೂತಿದ್ದೆ ಎಂಬುದೂ ತಿಳಿಯುತ್ತದೆ. ಈಗ ನೋಡಿದರೆ ಸೂಜಿ ಹೋದ ತಿಂಗಳ ಹಾಳೆಯಲ್ಲೇ ಉಳಿದಿದೆ. ನನ್ನ ಮೈಗಳ್ಳತನವನ್ನು ಬಂದವರೆಲ್ಲ ಓದಲೆಂದು ಗೋಡೆಗೆ ತೂಗುಹಾಕಿದಂತಾಗಿದೆ.

ಮೈಗಳ್ಳತನ ಎಂದು ನಾನೇ ಅಂದುಕೊಂಡರೂ ಅದು ಪೂರ್ತಿ ನಿಜವಲ್ಲ. ನಾನು ಹೊಲಿಯುತ್ತಿರುವುದು ನಮ್ಮ ಆಯಿಯ ವಾನಗಿಯ ನಕಲು. ಆಯಿ ಎಂದರೆ ಅವ್ವನ ಅವ್ವ, ಹಿರೇಕೆರೂರಿನವಳು. ವಾನಗಿ ಎಂಬುದು ಅಂಗಡಿಯವರ ಮಾತು. ಚೀಲದೊಳಗಿನ ಜೋಳ ಹೇಗಿದೆ ಎಂದು ತೋರಿಸಲು ಅಂಗೈಯಲ್ಲಿ ಹಿಡಿದು ತೋರಿಸುತ್ತಾರಲ್ಲ, ಆ ಹಿಡಿ ಕಾಳಿಗೆ ನಮ್ಮ ಕಡೆ ವಾನಗಿ ಎನ್ನುತ್ತಾರೆ. ಆಯಿ ತನ್ನ ಕಸೂತಿಯ ಬಟ್ಟೆಗೂ ಅದೇ ಹೆಸರಿಟ್ಟಿದ್ದಳು. ಕುಬಸದ ಖಣಕ್ಕಿಂತ ಸ್ವಲ್ಪ ದೊಡ್ಡದಾದ ಕರಿಯ ಬಟ್ಟೆ. ತಾನು ಹುಡುಗಿಯಾಗಿದ್ದಾಗಿನಿಂದ ಕಲಿತ ಒಂದೊಂದು ಚಿತ್ರವನ್ನೂ ಅದರಲ್ಲಿ ಹಾಕಿಟ್ಟುಕೊಂಡಿದ್ದಳು. ಸೀರೆಯ ಸೆರಗಿಗೆ ಏನಾದರೂ ಹಾಕಬೇಕಾದರೆ ಆ ಬಟ್ಟೆ ಹರವಿ, ಇದನ್ನು ಹಾಕಲೋ ಅದನ್ನು ಹಾಕಲೋ ಎಂದು ಕೇಳುತ್ತಿದ್ದಳು.

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತಾನು ಎಲ್ಲೆಲ್ಲಿ ಹೋಗಿದ್ದೆ, ಯಾರ ಮನೆಯಲ್ಲಿ ಉಂಡೆ ಎಂಬುದನ್ನೆಲ್ಲ ಆ ಬಟ್ಟೆಯ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು. ಮೂಲೆಯಲ್ಲಿರುವ ಚಿಕ್ಕಿ, ಅಂದರೆ ನಕ್ಷತ್ರ, ಹುಲಗೂರಿನದು. ದರ್ಗಾಕ್ಕೆ ಹರಕೆ ತೀರಿಸಲು ಹೋದಾಗ ಬೇವಿನ ನೆರಳಲ್ಲಿ ಪಕ್ಕಕ್ಕೆ ಕೂತಿದ್ದ ಯಾರೋ ಹೆಣ್ಣುಮಗಳು ತನ್ನ ಸೆರಗನ್ನೇ ಮುಂದೆ ಚಾಚಿ ಕಲಿಸಿದ್ದಂತೆ. ಆಕೆಯ ಹೆಸರನ್ನು ಕೇಳಲು ಮರೆತೆ ಎಂದು ಆಯಿ ಪ್ರತಿ ಸಲವೂ ಪೇಚಾಡುತ್ತಿದ್ದಳು. ಬಳ್ಳಿ ಸವಣೂರಿನದು, ಎಲೆ ತೋಟದವರ ಮನೆಯ ಸೊಸೆ ಹೇಳಿಕೊಟ್ಟದ್ದು. ಗೋಪುರ ಅಬಲೂರಿನ ಗುಡಿಯ ಮುಂದೆ ಕೂತು ತಾನೇ ಕಣ್ಣಳತೆಯಲ್ಲಿ ಹುಟ್ಟಿಸಿದ್ದು. ಹಾನಗಲ್ಲಿನಲ್ಲಿ ಒಂದು ಮದುವೆಗೆ ಹೋಗಿ, ಊಟದ ಪಂಕ್ತಿ ತಪ್ಪಿಸಿಕೊಂಡು ಕಲಿತದ್ದು ಜೋಡಿ ನವಿಲು. ಎಲ್ಲದರ ನಡುವೆ ದೊಡ್ಡದೊಂದು ಅಂಬಾರಿ ಆನೆ. ಅದು ಎಲ್ಲಿಯದು ಎಂದು ಕೇಳಿದರೆ ಆಯಿ ನಕ್ಕು, "ಅದು ನಂದ" ಎನ್ನುತ್ತಿದ್ದಳು.

ನನ್ನ ಹೊಸ ಬಟ್ಟೆಯಲ್ಲಿ ಚಿಕ್ಕಿ ಆಗಿದೆ, ಬಳ್ಳಿ ಆಗಿದೆ, ನವಿಲು ಆಗಿವೆ, ಗೋಪುರವೂ ಒಂದಿಷ್ಟು ವಾಲಿಕೊಂಡೇ ನಿಂತಿದೆ. ನಡುವೆ ಮಾತ್ರ ಖಾಲಿ. ಸೂಜಿ ಹೋದ ತಿಂಗಳಲ್ಲೇ ಉಳಿದಿರುವುದು ಇದಕ್ಕಾಗಿ.

ಕಸೂತಿ ಗೊತ್ತಿಲ್ಲದವರಿಗೆ ಇದರ ಕಷ್ಟವನ್ನು ಸ್ವಲ್ಪ ಹೇಳಬೇಕು. ನಮ್ಮ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಅದರಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಜಾಗ ಹೊಲಿದು ಒಂದು ಜಾಗ ಬಿಟ್ಟು ಹೋಗಬೇಕು, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಅರಿಷಿಣ ಕುಂಕುಮಕ್ಕೆ ಕರೆಯಲು ಹೊರಟವಳು ಓಣಿಯ ಒಂದು ಮನೆಯನ್ನೂ ಬಿಡದೆ ತನ್ನ ಮನೆಗೆ ತಿರುಗಿ ಬಂದಂತೆ. ಸರಿಯಾಗಿ ಬಂದರೆ ಬಟ್ಟೆಯ ಮುಂಬದಿ ಹಿಂಬದಿ ಎರಡೂ ಒಂದೇ ತರ ಕಾಣುತ್ತವೆ. ನಮ್ಮ ಕಡೆಯ ಹೆಂಗಸರು ಕಸೂತಿ ತೋರಿಸಿದ ಕೂಡಲೇ ಚಂದ ಇದೆ ಎನ್ನುವುದಿಲ್ಲ. ಮೊದಲು ಬಟ್ಟೆ ಮಗುಚಿ ಬೆನ್ನು ನೋಡುತ್ತಾರೆ. ಆಮೇಲೆ ಮಾತು.

ಎರಡೂ ಬದಿ ಒಂದೇ ತರ ಇರುವುದರಿಂದ, ಮುಗಿದ ಚಿತ್ರವನ್ನು ಎಷ್ಟು ದಿಟ್ಟಿಸಿದರೂ ಸೂಜಿ ಎಲ್ಲಿಂದ ಹೊರಟು ಹೇಗೆ ತಿರುಗಿತು ಎಂಬುದು ಗೊತ್ತಾಗದು. ಚಿಕ್ಕಿ, ಬಳ್ಳಿಗಾದರೆ ನಾಲ್ಕು ಸಲ ತಪ್ಪಿ ದಾರಿ ಹುಡುಕಬಹುದು. ಆಯಿಯ ಆನೆ ಹಾಗಲ್ಲ. ಆನೆಯ ಬೆನ್ನಿಗೂ ಅಂಬಾರಿಗೂ ನಡುವೆ ಒಂದು ಎಳೆಯಷ್ಟು ಜಾಗ ಬಿಟ್ಟಿದ್ದಳು. ಅಂಬಾರಿ ಗಾಳಿಯಲ್ಲಿ ಕೂತಂತೆ ಕಾಣುತ್ತಿತ್ತು. ಇಡೀ ಆನೆಗೆ ಅಂಬಾರಿ ಸಮೇತ ಒಂದೇ ದಾರ ಎಂದು ಆಯಿ ಹೇಳುತ್ತಿದ್ದಳು. ಹಾಗಾದರೆ ದಾರ ಆ ಖಾಲಿ ಜಾಗವನ್ನು ದಾಟಲೇಬೇಕು. ಆದರೆ ದಾಟಿದ ಗುರುತು ಈ ಬದಿಯಲ್ಲೂ ಇರಲಿಲ್ಲ, ಆ ಬದಿಯಲ್ಲೂ ಇರಲಿಲ್ಲ. ನಾನು ಅಕ್ಕೋರಾಗಿದ್ದ ಶಾಲೆಯಲ್ಲಿ ಗಣಿತದ ಮಾಸ್ತರರೊಬ್ಬರಿದ್ದರು. ಅವರಿಗೆ ಒಮ್ಮೆ ಹಾಳೆಯ ಮೇಲೆ ಬರೆದು ತೋರಿಸಿದೆ. ಕೂಡಿಕೊಂಡ ಗೆರೆಗಳಿಗೆಲ್ಲ ಹೋಗಿ ಬರಲು ಒಂದು ದಾರಿ ಇದ್ದೇ ಇರುತ್ತದೆ, ಇವು ಕೂಡಿಲ್ಲವಲ್ಲ, ನಿಮ್ಮ ಆಯಿ ಸುಳ್ಳು ಹೇಳಿರಬೇಕು ಎಂದರು. ಅವರಿಗೆ ಆಮೇಲೆ ನಾನು ಚಹಾ ಕೊಡಲಿಲ್ಲ.

ನನ್ನ ಸ್ವಂತ ಕೈಗುಣದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಶಿಗ್ಗಾವಿಯ ಶಾಲೆಯಲ್ಲಿ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತ ವರ್ಷ ಹೊಲಿಗೆಯ ತಾಸಿನಲ್ಲಿ ಎಲ್ಲ ಹುಡುಗಿಯರೂ ಕರವಸ್ತ್ರದ ಮೇಲೆ ಗಿಳಿ ಹಾಕಬೇಕಾಗಿತ್ತು. ನಾನೂ ಹಾಕಿ, ಬಜಾರದ ಕಿರಾಣಿ ಅಂಗಡಿಯಲ್ಲಿ ಕೂತಿದ್ದ ಅಪ್ಪನಿಗೆ ತೋರಿಸಲು ಓಡಿದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಬದನೆಕಾಯಿ ಚಲೋ ಬಂದಿದೆ, ತೊಟ್ಟಂತೂ ಥೇಟ್ ತೊಟ್ಟೇ ಎಂದು ಮೆಚ್ಚಿಕೊಂಡ. ತೊಟ್ಟು ಎಂದದ್ದು ಗಿಳಿಯ ಕೊಕ್ಕಿಗೆ. ಅಂಗಡಿಯ ಗಿರಾಕಿಗಳೂ ಒಬ್ಬೊಬ್ಬರಾಗಿ ನೋಡಿ ಬದನೆಕಾಯಿ ಎಂದೇ ತೀರ್ಪು ಕೊಟ್ಟರು. ಆ ಕರವಸ್ತ್ರ ಬಹಳ ವರ್ಷ ಅಪ್ಪನ ಅಂಗಿಯ ಜೇಬಿನಲ್ಲೇ ಇತ್ತು.

ಅವ್ವನ ಕೈ ಹಾಗಿರಲಿಲ್ಲ. ಅವಳಿಗೆ ಹೊಲಿಗೆ ಬಂದ ರೀತಿ ಮಾತ್ರ ವಿಚಿತ್ರ. ಹಿರೇಕೆರೂರಿನಲ್ಲಿ ಹುಡುಗಿಯಾಗಿದ್ದಾಗ ಆಯಿ ಕಲಿಸಲು ಕೂರಿಸಿದರೆ ಅವ್ವ ಸೂಜಿ ಎಸೆದು ಓಡುತ್ತಿದ್ದಳಂತೆ. ಕರಿ ಬಟ್ಟೆಯ ಮೇಲೆ ಎಳೆ ಎಣಿಸಿ ಕಣ್ಣು ಕಳೆದುಕೊಳ್ಳುವ ಕೆಲಸ ನನಗೆ ಬೇಡ, ನಾನು ಶಾಲೆಗೆ ಹೋಗುತ್ತೇನೆ ಎಂದು ಹಟ ಹಿಡಿದು ಹೋದಳು. ಆಯಿ ಮತ್ತೆ ಕರೆಯಲಿಲ್ಲ. ಮದುವೆಯಾಗಿ ಶಿಗ್ಗಾವಿಗೆ ಬಂದು, ಮಧ್ಯಾಹ್ನದ ಹೊತ್ತು ಕಳೆಯದಾದಾಗ ಅವ್ವ ತಾನಾಗಿಯೇ ಸೂಜಿ ಹಿಡಿದಳು. ಓಣಿಯವರದನ್ನು ನೋಡಿ ನೋಡಿ ಕಲಿತಳು. ಚೆನ್ನಾಗಿಯೇ ಕಲಿತಳು. ಆದರೆ ತವರಿಗೆ ಹೋದಾಗ ಆಯಿಯನ್ನು ಒಂದು ಹೊಲಿಗೆಯನ್ನೂ ಕೇಳಲಿಲ್ಲ. ಕಲಿ ಎಂದಾಗ ಕಲಿಯದವಳು ಈಗ ಯಾವ ಬಾಯಿಂದ ಕೇಳಲಿ ಎಂದು ಅವ್ವ. ಬೇಡ ಎಂದವಳಿಗೆ ನಾನಾಗಿ ಯಾಕೆ ಹೇಳಲಿ ಎಂದು ಆಯಿ. ಇಬ್ಬರೂ ಒಬ್ಬರ ಕೈಯನ್ನು ಇನ್ನೊಬ್ಬರು ಕಳ್ಳಗಣ್ಣಿನಿಂದ ನೋಡುತ್ತ, ಮಳೆ ಬೆಳೆ, ಮಂದಿಯ ಸುದ್ದಿ ಮಾತಾಡುತ್ತ ವರ್ಷಗಳನ್ನು ಕಳೆದರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಅಕ್ಕನನ್ನು ಯಲವಿಗಿಗೆ ಕೊಟ್ಟಿತ್ತು. ಅವಳು ಬಸುರಾದಾಗ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲಿ ಎಂದು ನಿಶ್ಚಯವಾಯಿತು. ಬಸುರಿಗೆ ಕಸೂತಿಯ ಚಂದ್ರಕಾಳಿ ಉಡಿಸುವುದು ನಮ್ಮ ತವರುಮನೆಗಳ ಪದ್ಧತಿ. ಮಂಗಳಕಾರ್ಯಕ್ಕೆ ಕರಿ ಸೀರೆಯೇ ಎಂದು ಹುಬ್ಬೇರಿಸುವವರಿಗೆ, ದೃಷ್ಟಿ ತಾಗದಿರಲಿ ಅಂತ ಎಂದು ಹೇಳಿ ಸುಮ್ಮನಾಗುತ್ತೇವೆ. ಅವ್ವ ಹಿರೇಕೆರೂರಿಗೆ ಹೋಗಿ, ಸೆರಗಿನ ಚಿತ್ರಕ್ಕೆಂದು ವಾನಗಿಯನ್ನು ಕೇಳಿದಳು. ಆಯಿಯ ಕಣ್ಣಿಗೆ ಅಷ್ಟರಲ್ಲಿ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಬಟ್ಟೆ ಕೊಡುವ ಮುನ್ನ ಪೂರ್ತಿ ಕೈಯಾಡಿಸಿ, ಕುಬಸಕ್ಕೆ ಬರುತ್ತೇನೆ, ಆಗ ತಿರುಗಿ ಕೊಡು ಎಂದಳಂತೆ. ಆನೆಯ ಹೊಲಿಗೆಯ ದಾರಿ ಬೇಕೇನು ಎಂದು ಅವಳು ಕೇಳಲಿಲ್ಲ. ಬೇಕು ಎಂದು ಇವಳೂ ಅನ್ನಲಿಲ್ಲ.

ಸೆರಗಿನ ಕೆಲಸ ಬೇಗ ಮುಗಿಯಿತು. ಆಮೇಲೆ ಅವ್ವ ಅಂಥದೇ ಕರಿ ಬಟ್ಟೆಯ ಒಂದು ತುಂಡು ತೆಗೆದು, ಇಡೀ ವಾನಗಿಯ ನಕಲು ಹಾಕಲು ಕೂತಳು. ಅವಳ ಆಸೆ ಏನೆಂದು ನನಗೆ ಬಾಯಿ ಬಿಟ್ಟು ಹೇಳಿದ್ದಳು. ಆಯಿ ಬಂದಾಗ ಹಳೆಯದು ಹೊಸದು ಎರಡನ್ನೂ ಅವಳ ತೊಡೆಯ ಮೇಲಿಡಬೇಕು. ಯಾವುದು ನಿನ್ನದು ಗುರುತಿಸು ಎನ್ನಬೇಕು. ಆಯಿ ಎರಡರ ಮೇಲೂ ಕೈಯಾಡಿಸಿ, ಗೊತ್ತಾಗದೆ ಸೋಲಬೇಕು. ಆಮೇಲೆ ಒಂದು ಸಲ, ಒಂದೇ ಸಲ, ಚಲೋ ಕಲಿತಿ ಎನ್ನಬೇಕು. ಐದು ಮಕ್ಕಳನ್ನು ಹೆತ್ತವಳಿಗೆ ಇಷ್ಟು ಸಣ್ಣ ಆಸೆಯೇ ಎಂದು ನನಗೆ ಆಗ ನಗು ಬಂದಿತ್ತು. ಈಗ ಬರುವುದಿಲ್ಲ.

ದಿನಾ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಬಿಸಿಲು ಬೀಳುವ ಕಟ್ಟೆಯ ಮೇಲೆ ಕೂರುತ್ತಿದ್ದಳು. ಚಿಕ್ಕಿ, ಬಳ್ಳಿ, ಗೋಪುರ, ನವಿಲು ಎಲ್ಲ ಬಂದವು. ಆನೆ ಬರಲಿಲ್ಲ. ಕಾಲಿನಿಂದ ಹೊರಟರೆ ಸೊಂಡಿಲಲ್ಲಿ ಸಿಕ್ಕಿಬೀಳುವಳು, ಸೊಂಡಿಲಿನಿಂದ ಹೊರಟರೆ ಅಂಬಾರಿ ಮೇಲೆಯೇ ಉಳಿಯುವುದು. ಹಾಕುವುದು, ಬಿಚ್ಚುವುದು. ಹೊಸ ಬಟ್ಟೆಯ ಆ ಜಾಗ ಬಿಚ್ಚಿ ಬಿಚ್ಚಿ ಜಾಳಾಯಿತು. ಹಿರೇಕೆರೂರಿಗೆ ಹೋಗಿ ಕೇಳಿಬಿಡಬಾರದೇ ಎಂದು ಅಪ್ಪ ಒಮ್ಮೆ ಅಂದ. ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಸಂಜೆಯೊಳಗೆ ಹೋಗಬಹುದಿತ್ತು. ಅವ್ವ ಸೂಜಿಗೆ ಹೊಸ ದಾರ ಪೋಣಿಸತೊಡಗಿದಳು.

ಒಂದು ದಿನ ನಾನು ಶಾಲೆಯಿಂದ ಬಂದಾಗ ಅವ್ವನ ತೊಡೆಯ ಮೇಲೆ ಹಳೆಯ ವಾನಗಿ ಇತ್ತು, ಕೈಯಲ್ಲಿ ಸೂಜಿ ಇತ್ತು. ಆನೆಯ ಬಾಲ ಆಗಲೇ ಬಟ್ಟೆಯ ಮೇಲಿರಲಿಲ್ಲ.

"ಬಿಚ್ಚಿಕೋತ ಹ್ವಾದ್ರ ದಾರಿ ಗೊತ್ತಾಗ್ತೈತಿ," ಎಂದಳು ಅವ್ವ, ನನ್ನ ಮುಖ ನೋಡದೆ. "ತಿಳಕೊಂಡು ಮತ್ತ ಹಂಗ ಹಾಕಿ ಇಡ್ತೇನಿ."

ಉಪಾಯ ದಡ್ಡತನದ್ದೇನೂ ಆಗಿರಲಿಲ್ಲ. ಆಯಿ ಕೊನೆಗೆ ಹಾಕಿದ ಹೊಲಿಗೆ ಮೊದಲು ಬಿಚ್ಚುತ್ತದೆ, ಮೊದಲು ಹಾಕಿದ್ದು ಕೊನೆಗೆ. ಅವ್ವ ಹಳೆಯದರಲ್ಲಿ ಒಂದು ಹೊಲಿಗೆ ಬಿಚ್ಚುವಳು, ಹೊಸದರಲ್ಲಿ ಅದೇ ಹೊಲಿಗೆ ಹಾಕುವಳು. ಹೀಗೆ ಆಯಿಯ ಆನೆ ಒಂದು ಬಟ್ಟೆಯಿಂದ ಇನ್ನೊಂದು ಬಟ್ಟೆಗೆ ಹಿಂದುಹಿಂದಕ್ಕೆ ನಡೆದು ಬರತೊಡಗಿತು. ಬಾಲ ಬಂತು, ಹಿಂಗಾಲು ಬಂದವು, ಹೊಟ್ಟೆ ಬಂತು. ನಾನು ಪುಸ್ತಕ ಮುಚ್ಚಿಟ್ಟು ಪಕ್ಕದಲ್ಲೇ ಕೂತಿದ್ದೆ. ಅಷ್ಟು ಹುರುಪಿನಲ್ಲಿ ಅವ್ವನನ್ನು ನಾನು ಕಂಡೇ ಇರಲಿಲ್ಲ. ಬೆನ್ನಿನ ನಡುವಿಗೆ ಬಂದಾಗ, ಇನ್ನೇನು ದಾರ ಅಂಬಾರಿಗೆ ದಾಟಬೇಕು, ಇಲ್ಲಿಯೇ ಎಂದು ಅವ್ವ ಸೂಜಿಯ ಮೊನೆಯಿಂದ ಎಳೆಯನ್ನು ಎತ್ತಿದಳು. ದಾರ ಮೇಲೆ ಬರಲಿಲ್ಲ, ಉದುರಿತು. ಎಷ್ಟೋ ವರ್ಷದ ರೇಷ್ಮೆ, ಬಟ್ಟೆಯ ಆಸರೆಯಲ್ಲಿ ಇಷ್ಟು ದಿನ ಗಟ್ಟಿಯಾಗಿದ್ದಂತೆ ಕಂಡದ್ದು ಹಿಟ್ಟಾಗಿ ಸೆರಗಿಗೆ ಬಿತ್ತು. ಪಕ್ಕದ ಎಳೆ ಎತ್ತಿದಳು, ಅದೂ ಹಾಗೆಯೇ. ಅಂಬಾರಿಯನ್ನೂ ಸೊಂಡಿಲನ್ನೂ ಉಳಿಸಲು ಹೋಗಿ ಅವೂ ಹೋದವು. ಕೊನೆಗೆ ಉಳಿದದ್ದು ಸೂಜಿಯ ತೂತುಗಳು ಮಾತ್ರ. ಅವನ್ನು ಬೆಳಕಿಗೆ ಹಿಡಿದರೆ ಆನೆ ಪೂರ್ತಿ ಕಾಣುತ್ತಿತ್ತು, ಅದರ ದಾರಿ ಮಾತ್ರ ಕಾಣುತ್ತಿರಲಿಲ್ಲ.

ಅವ್ವ ಆ ದಿನ ಅಳಲಿಲ್ಲ. ರೇಷ್ಮೆಯ ಪುಡಿಯನ್ನು ಸೆರಗಿನಿಂದ ಕೊಡವಲೂ ಇಲ್ಲ. ಹಾಗೆಯೇ ಸೆರಗು ಹಿಡಿದುಕೊಂಡು ಒಳಗೆ ಹೋದಳು. ರಾತ್ರಿ ಊಟಕ್ಕೆ ರೊಟ್ಟಿಯ ಜೊತೆ ಪಲ್ಯವಿರಲಿಲ್ಲ.

ಕುಬಸಕ್ಕೆ ಇನ್ನೂ ದಿನವಿದೆ ಎನ್ನುವಾಗಲೇ ಆಯಿ ಬಂದುಬಿಟ್ಟಳು. ಮಾಮಾ ಅವಳನ್ನು ಬಸ್ಸಿನಿಂದ ಇಳಿಸಿ, ಕೈ ಹಿಡಿದು ಕರೆತಂದು ಪಡಸಾಲೆಯಲ್ಲಿ ಕೂರಿಸಿದ. ಅಪ್ಪ "ಬರ್ರಿ ಅತ್ತಿಯವರ, ದಣಿದ್ರಿ" ಎನ್ನುತ್ತ ತಾನೇ ನೀರು ತಂದುಕೊಟ್ಟ. ಆಯಿ ನೀರು ಕುಡಿದು ಮೊದಲು ಕೇಳಿದ್ದು ವಾನಗಿಯನ್ನು. ಅಗಸರಿಗೆ ಹಾಕಿದ್ದೇನೆ ಎಂದಳು ಅವ್ವ. ಆ ಬಟ್ಟೆಗೆ ಹುಟ್ಟಿದಾಗಿನಿಂದ ಅಗಸರ ಕೈ ತಾಗಿರಲಿಲ್ಲ. ಆಯಿ ಹುಂ ಎಂದಳು. ಮರುದಿನ ಕೇಳಿದಾಗ ಪಕ್ಕದ ಮನೆಯವರು ನೋಡಲು ಒಯ್ದಿದ್ದರು. ಅದರ ಮರುದಿನ ಟ್ರಂಕಿನ ಕೀಲಿ ಸಿಗಲಿಲ್ಲ. ಅವ್ವನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ, ಆದ್ದರಿಂದ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೀಲಿ ಅವಳ ಸೊಂಟದಲ್ಲೇ ಸದ್ದು ಮಾಡುತ್ತಿತ್ತು, ಆಯಿಗೆ ಕಣ್ಣಷ್ಟೇ ಹೋಗಿದ್ದವು.

ಕುಬಸ ಚೆನ್ನಾಗಿಯೇ ಆಯಿತು. ಅಕ್ಕ ಚಂದ್ರಕಾಳಿ ಉಟ್ಟು, ಮುಡಿ ತುಂಬ ಹೂ ಮುಡಿದು ಕೂತಾಗ ಯಲವಿಗಿಯ ಬೀಗರು ಸೆರಗು ಮಗುಚಿ ಬೆನ್ನು ನೋಡಿ ತಲೆದೂಗಿದರು. ಅವ್ವ ಎಲ್ಲರಿಗೂ ಉಡಿ ತುಂಬುತ್ತ, ಊಟಕ್ಕೆ ಬಡಿಸುತ್ತ ಓಡಾಡಿದಳು. ಅವಳ ಮುಖದ ಮೇಲಿದ್ದ ನಗು ಯಾರದೋ ಮನೆಯಿಂದ ಕಡ ತಂದದ್ದು ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಮಂದಿ ಹೋದ ಮೇಲೆ, ಮರುದಿನ ಬೆಳಿಗ್ಗೆ ಹೊರಡುವವಳಿದ್ದ ಆಯಿ ಮತ್ತೆ ಕೇಳಿದಳು. ಇನ್ನು ಹೇಳಲು ಸುಳ್ಳು ಉಳಿದಿರಲಿಲ್ಲ. ಅವ್ವ ಟ್ರಂಕು ತೆಗೆದು ವಾನಗಿಯನ್ನು ತಂದು ಆಯಿಯ ತೊಡೆಯ ಮೇಲಿಟ್ಟು, ಎದುರಿಗೆ ಕೂತಳು. ಆಯಿ ಮೂಲೆಯಿಂದ ಕೈಯಾಡಿಸಿದಳು. ಹುಲಗೂರಿನ ಚಿಕ್ಕಿ, ಸವಣೂರಿನ ಬಳ್ಳಿ, ಅಬಲೂರಿನ ಗೋಪುರ. ಒಂದೊಂದಕ್ಕೂ ಬೆರಳು ಸ್ವಲ್ಪ ನಿಲ್ಲುತ್ತಿತ್ತು. ನಡುವಿಗೆ ಬಂದ ಬೆರಳು ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು. ಆ ಖಾಲಿ ಜಾಗದಲ್ಲಿ ಅವಳು ಎಷ್ಟು ಹೊತ್ತು ಕೈಯಾಡಿಸಿದಳೋ. ಅವ್ವ ನೆಲ ನೋಡುತ್ತಿದ್ದಳು.

"ಬಿಚ್ಚೀಯೇನು?" ಎಂದಳು ಆಯಿ.

"ದಾರಿ ನೋಡಾಕ ಬಿಚ್ಚಿದೆ, ಯವ್ವ. ದಾರ ತಡೀಲಿಲ್ಲ."

ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಬಟ್ಟೆಯ ಮೇಲಿಂದ ಕೈ ತೆಗೆಯದೆ ಆಯಿ, "ಕೇಳಿದ್ರ ಹೇಳ್ತಿದ್ದಿಲ್ಲೇನ ನಾ?" ಎಂದಳು. ಜಗಳಕ್ಕೆ ಬಂದ ದನಿಯಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ಆಮೇಲೆ ತಾನೇ ಮುಂದಕ್ಕೆ ಸರಿದು, ತಡಕಾಡಿ ಅವ್ವನ ಕೈ ಹಿಡಿದು, ಅಂಗೈ ಮೇಲು ಮಾಡಿ ಅದರ ಮೇಲೆ ಬಟ್ಟೆಯ ಆ ಜಾಗವನ್ನು ಹರವಿದಳು. "ನೋಡು. ಇಲ್ಲಿಂದ ಹೊಂಡಬೇಕು," ಎಂದು ತೋರುಬೆರಳು ಊರಿದಳು.

ಆ ಬೆರಳು ತೂತುಗಳ ಮೇಲೆ ಹೊರಟಿತು. ಒಂದು ಬಿಟ್ಟು ಒಂದು, ಒಂದು ಬಿಟ್ಟು ಒಂದು. ಎಲ್ಲಿಯೂ ತಡವರಿಸಲಿಲ್ಲ. ಬಾಯಲ್ಲಿ ಏನೋ ಎಣಿಸಿಕೊಳ್ಳುತ್ತಿದ್ದಳು, ತಿರುವು ಬಂದಲ್ಲಿ "ಇಲ್ಲಿ ಹೊಳ್ಳಬೇಕು" ಎನ್ನುತ್ತಿದ್ದಳು. ತನ್ನ ಕೈ ಹೀಗೆ ಕೊನೆಯ ಸಲ ಯಾವಾಗ ಆಯಿಯ ಕೈಯಲ್ಲಿತ್ತೋ ಅವ್ವನಿಗೇ ನೆನಪಿರಲಿಕ್ಕಿಲ್ಲ. ತುಟಿ ಕಚ್ಚಿಕೊಂಡಳು, ಸದ್ದು ಮಾಡಬಾರದಲ್ಲ. ಕಣ್ಣೊಳಗಿನ ನೀರು ಕೆಳಗೆ ಬಿದ್ದರೆ ಬಟ್ಟೆಯ ಮೇಲೆ ಬೀಳುತ್ತದೆ, ಆಯಿಗೆ ಗೊತ್ತಾಗುತ್ತದೆ ಎಂದು ಮುಖವನ್ನು ಮೇಲಕ್ಕೆತ್ತಿ ತೊಲೆಯ ಕಡೆಗೆ ನೋಡುತ್ತ ಕೂತಳು. ಆಯಿಯ ಬೆರಳು ಹೋಗಿ, ದಾಟಿ, ತಿರುಗಿ ಹೊರಟಲ್ಲಿಗೇ ಬಂದು ನಿಂತಿತು.

"ತಿಳೀತೇನು?"

ಅವ್ವ ತಲೆಯಾಡಿಸಿದಳು.

"ಬಾಯಿ ಬಿಟ್ಟು ಹೇಳವಾ. ನನಗೇನು ಕಾಣ್ತೈತೇನು?"

"ತಿಳೀತು, ಯವ್ವ."

ಆಯಿಯ ಮುಖ ಅರಳಿತು. ಬಟ್ಟೆಯನ್ನು ಮಡಿಚಿ ಅವ್ವನ ಕೈಯಲ್ಲೇ ಇಟ್ಟು, ಹಾಗಾದರೆ ಇದು ನಿನ್ನ ಕಡೆಯೇ ಇರಲಿ, ನನಗಿನ್ನು ಯಾಕೆ ಎಂದಳು. ಕಾಲು ಚಾಚಿಕೊಂಡು ಚಹಾ ಕೇಳಿದಳು.

ಅವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಹಿಂದೆಯೇ ಹೋದ ನನ್ನನ್ನು ಹತ್ತಿರ ಕರೆದು, ಕೇಳಿಯೂ ಕೇಳಿಸದಂತೆ, "ಅಂಬಾರಿಗೆ ಹೆಂಗ ದಾಟಿದ್ಲು, ನೀ ನೋಡಿದೇನ?" ಎಂದಳು.

ನಾನು ನೋಡಿರಲಿಲ್ಲ. ನಾನು ಅವ್ವನ ಮುಖ ನೋಡುತ್ತಿದ್ದೆ. ಈಗಲೇ ಹೋಗಿ ಇನ್ನೊಮ್ಮೆ ತೋರಿಸು ಎಂದು ಕೇಳುತ್ತೇನೆ, ಆಯಿ ಇನ್ನೂ ಮಲಗಿಲ್ಲ ಎಂದು ಎದ್ದೆ. ಅವ್ವ ನನ್ನ ಲಂಗ ಹಿಡಿದು ಕೂರಿಸಿದಳು.

"ಬ್ಯಾಡ," ಎಂದಳು. "ತಿಳೀತು ಅಂತ ಹೇಳೇನಿ ನಾ ಆಕಿಗೆ."

ಚಹಾ ಕುದಿಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟಲಿಗೆ ಸೋಸಿ, ತಾನೇ ಹೊರಗೆ ಒಯ್ದಳು.